ಬೀಸುವ ಕಲ್ಲಿನ ಸುತ್ತು

ಚಿತ್ರದುರ್ಗವೆಂದರೆ ಏಳು ಸುತ್ತಿನ ಕೋಟೆ. ಆ ಏಳು ಸುತ್ತಿನ ಕತೆಯನ್ನು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾನು ಹೇಳಹೊರಟಿರುವುದು ಕಲ್ಲು ಸುತ್ತಿದ ಸುತ್ತಿನ ಮಾತು.

ಕೋಟೆಯೊಳಗೆ, ಕಲ್ಲು ಕಟ್ಟಿದ ಗುಂಡಿಯೊಂದರಲ್ಲಿ, ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ನಾಯಕರ ಕಾಲದಲ್ಲಿ ತೋಪು, ಕೋವಿಗಳಿಗೆ ಬೇಕಾದ ಮದ್ದನ್ನು ಇವುಗಳಲ್ಲಿ ಬೀಸುತ್ತಿದ್ದರಂತೆ. ತಿರುಗಿಸುತ್ತಿದ್ದುದು ಆನೆ ಎನ್ನುವವರಿದ್ದಾರೆ, ಕೋಣ ಎನ್ನುವವರೂ ಇದ್ದಾರೆ. ಹೊಳಲ್ಕೆರೆಯ ಕಡೆಯ, ಹೊಸದುರ್ಗದ ಕಡೆಯ ಹಳ್ಳಿಗಳಲ್ಲಿ ರಾಗಿ ಬೀಸಿ ಬಲ್ಲ ಮುದುಕಿಗೆ ಇದರ ಮುಂದೆ ವಿವರಣೆ ಬೇಕಾಗುವುದಿಲ್ಲ. ಗಾತ್ರ ದೊಡ್ಡದು, ವಿದ್ಯೆ ಅದೇ.

ಬೀಸುವುದರಲ್ಲಿ ಮೊದಲ ಸುತ್ತೇ ಕಷ್ಟ. ನಿಂತ ಕಲ್ಲು ಕದಲಲು ಒಲ್ಲದು. ಹೊರಟ ಕಲ್ಲು ನಿಲ್ಲಲು ಒಲ್ಲದು. ನ್ಯೂಟನ್ 1687ರಲ್ಲಿ ಇದನ್ನು ನಿಯಮವಾಗಿ ಬರೆದಿಟ್ಟ. ಆಗ ದುರ್ಗದಲ್ಲಿ ನಾಯಕರ ಆಳ್ವಿಕೆಗೆ ನೂರು ವರ್ಷ ದಾಟಿತ್ತು. ಮನೆಮನೆಯ ತೋಳಿಗೂ ಆ ನಿಯಮ ಗೊತ್ತಿತ್ತು. ಬೀಸುವ ಪದ ಹಾಡುತ್ತಿದ್ದುದು ಬೇಸರ ಕಳೆಯಲು ಮಾತ್ರವಲ್ಲ. ಹಾಡಿನ ಲಯ ಕಲ್ಲಿನ ವೇಗವನ್ನು ಹದದಲ್ಲಿಡುತ್ತಿತ್ತು.

ಇನ್ನು ಹಿಟ್ಟು ಅಂಚಿಗೆ ಬರುವುದು ಹೇಗೆ? ಬಾಯಿಗೆ ಹಾಕಿದ ಹೊಸ ಕಾಳು ಹಳೆಯದನ್ನು ದೂಡುತ್ತದೆ. ಕಲ್ಲಿಗೆ ಹೊಡೆದ ಕಚ್ಚುಗಳೂ ನೆರವಾಗುತ್ತವೆ. ಜತೆಗೆ ಸುತ್ತಿನ ಪಾಲೂ ಇದೆ. ನಡುವಿನಿಂದ ಅಂಚಿಗೆ 20 ಸೆಂಟಿಮೀಟರ್ ಇರುವ ಕೈಕಲ್ಲು ಸೆಕೆಂಡಿಗೆ ಒಂದು ಸುತ್ತು ಬಂತೆನ್ನಿ. ಅದರ ಜತೆ ಸುತ್ತುವ ಹಿಟ್ಟನ್ನು ಅಂಚಿನಲ್ಲಿ ಹಿಡಿದಿಡಲು ಹಿಟ್ಟಿನ ತೂಕದ ಐದರಲ್ಲಿ ನಾಲ್ಕು ಪಾಲಿನಷ್ಟು ಬಲ ಬೇಕು. ಹಿಡಿಯುವವರಿಲ್ಲ, ಹಿಟ್ಟು ಜಾರುತ್ತದೆ.

ಕೋಟೆಯ ಕಲ್ಲು ಇದಕ್ಕಿಂತ ಜೋರಾಗಿ ಎಸೆಯಬೇಕಲ್ಲವೇ? ಇಲ್ಲ. ಕಲ್ಲಿನ ಅಗಲ ಎರಡು ಪಟ್ಟಾದರೆ ಎಸೆತ ಎರಡು ಪಟ್ಟು; ಸುತ್ತುವ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಮುಕ್ಕಾಲು ಮೀಟರ್ ದೂರದ ಅಂಚು ಹತ್ತು ಸೆಕೆಂಡಿಗೊಮ್ಮೆ ಸುತ್ತಿದರೆ ಬೇಕಾದ ಬಲ ತೂಕದ ನೂರರಲ್ಲಿ ಮೂರು ಪಾಲು ಮಾತ್ರ. ಆನೆ ತಿರುಗಿಸಿದ ಕಲ್ಲನ್ನು ಅಜ್ಜಿಯ ಕಲ್ಲು ಇಲ್ಲಿ ಸೋಲಿಸುತ್ತದೆ! ಮದ್ದಿಗೆ ಆ ನಿಧಾನವೇ ಕ್ಷೇಮ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದಲ್ಲಿ ಉಜ್ಜಿ ಕಾವೇರಿದರೆ, ಒಂದು ಕಿಡಿ ಹಾರಿದರೆ, ಬೀಸುವವನೇ ಉಳಿಯುವುದಿಲ್ಲ.

ವೇಗದ ಮಹಿಮೆ ನೋಡಬೇಕಾದರೆ ಹಿರಿಯೂರಿನ ಕಡೆಯ ಜೋಳದ ಹೊಲಕ್ಕೆ ಹೋಗಬೇಕು, ಹಕ್ಕಿ ಕಾಯುವವನ ಕವಣೆಯ ಹತ್ತಿರ. ಒಂದು ಮೀಟರ್ ಹಗ್ಗ ಸೆಕೆಂಡಿಗೆ ಎರಡು ಸುತ್ತು ಬಂದರೆ 100 ಗ್ರಾಮಿನ ಕಲ್ಲು ಕೈಯನ್ನು ಒಂದೂವರೆ ಕಿಲೋ ತೂಕದಂತೆ ಜಗ್ಗುತ್ತದೆ. ಬಿಟ್ಟಾಗ ಅದು ಕೈಯಿಂದ ಹೊರಮುಖವಾಗಿ ಹಾರುವುದಿಲ್ಲ. ಆ ಗಳಿಗೆಯಲ್ಲಿ ಎತ್ತ ಹೊರಟಿತ್ತೋ ಅತ್ತ ನೆಟ್ಟಗೆ ಹೋಗುತ್ತದೆ. ಯಾವ ಗಳಿಗೆಯಲ್ಲಿ ಬಿಡಬೇಕೆಂಬುದು ಕಾಯುವವನಿಗೆ ಗೊತ್ತು.

1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಸೋತ ಮದಕರಿ ನಾಯಕನ ಹೆಸರು ಉಳಿಯಿತು, ಒನಕೆ ಓಬವ್ವನ ಹೆಸರೂ ಉಳಿಯಿತು. ಅಡಿಗೆಮನೆಯ ಒನಕೆ ಇತಿಹಾಸದೊಳಗೆ ಬಂದದ್ದು ಶತ್ರುವಿನ ತಲೆಯ ಮೇಲೆ ಬಿದ್ದದ್ದರಿಂದ. ದಿನವೂ ಸುತ್ತಿ ಊರಿಗೆ ಅನ್ನ ಕೊಟ್ಟ ಬೀಸುವ ಕಲ್ಲಿಗೆ ಆ ಭಾಗ್ಯ ಬರಲಿಲ್ಲ. ಗುಂಡಿಯಲ್ಲಿ ಜೀವ ಒತ್ತೆಯಿಟ್ಟು ಮದ್ದು ಬೀಸಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.