ಡಿ.ಫಾರ್ಮಾ: ಎರಡು ವರ್ಷದಲ್ಲಿ ಏನೇನು ಕಲಿಸ್ತಾರೆ?

ಪಿಯುಸಿ ಸೈನ್ಸ್ ಮುಗಿಸಿ ಡಿ.ಫಾರ್ಮಾ ಸೇರಬೇಕು ಅಂದುಕೊಂಡಿದ್ದೀರಾ? ಇದು ಬರೀ ಮಾತ್ರೆ ಎಣಿಸಿ ಕೊಡೋ ಕೋರ್ಸ್ ಅಲ್ಲ. ಚೀಟಿಯಲ್ಲಿ ಡೋಸ್ ತಪ್ಪಿದ್ದರೆ, ಔಷಧ ರೋಗಿಯ ಕೈ ಸೇರುವ ಮೊದಲೇ ಅದನ್ನು ಗಮನಿಸಬೇಕಾದವರು ಫಾರ್ಮಸಿಸ್ಟ್.

ಮೊದಲ ವರ್ಷ: ಫಾರ್ಮಾಸ್ಯೂಟಿಕ್ಸ್ (ಮಾತ್ರೆ, ಸಿರಪ್, ಮುಲಾಮು ತಯಾರಿಕೆ), ಔಷಧ ರಸಾಯನಶಾಸ್ತ್ರ, ಫಾರ್ಮಕಾಗ್ನಸಿ (ಗಿಡಮೂಲಿಕೆಯಂಥ ನೈಸರ್ಗಿಕ ಔಷಧಗಳು), ಮಾನವ ಅಂಗರಚನೆ ಮತ್ತು ಶರೀರಕ್ರಿಯೆ, ಸೋಶಿಯಲ್ ಫಾರ್ಮಸಿ.

ಎರಡನೇ ವರ್ಷ: ಫಾರ್ಮಕಾಲಜಿ (ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ), ಕಮ್ಯುನಿಟಿ ಫಾರ್ಮಸಿ ಮತ್ತು ಮ್ಯಾನೇಜ್‌ಮೆಂಟ್, ಬಯೋಕೆಮಿಸ್ಟ್ರಿ ಮತ್ತು ಕ್ಲಿನಿಕಲ್ ಪೆಥಾಲಜಿ, ಫಾರ್ಮಕೋಥೆರಪ್ಯೂಟಿಕ್ಸ್, ಆಸ್ಪತ್ರೆ ಫಾರ್ಮಸಿ, ಔಷಧ ಕಾನೂನು ಮತ್ತು ನೀತಿ.

ಥಿಯರಿ ಜೊತೆ ಲ್ಯಾಬ್ ಕೂಡ ಇರುತ್ತೆ. ಪರೀಕ್ಷೆ ಮುಗಿದರೂ ಕೆಲಸ ಮುಗಿಯಲ್ಲ. ಆಸ್ಪತ್ರೆ ಅಥವಾ ಮೆಡಿಕಲ್ ಶಾಪ್‌ನಲ್ಲಿ ಕನಿಷ್ಠ 3 ತಿಂಗಳಲ್ಲಿ 500 ಗಂಟೆ ತರಬೇತಿ ಕಡ್ಡಾಯ. 2022ರಲ್ಲಿ ಎಕ್ಸಿಟ್ ಪರೀಕ್ಷೆಯ ನಿಯಮವೂ ಬಂದಿದೆ.

1948ರ ಫಾರ್ಮಸಿ ಕಾಯ್ದೆ ಪ್ರಕಾರ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ಮೇಲಷ್ಟೇ ನೀವು ಫಾರ್ಮಸಿಸ್ಟ್. ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇಲ್ಲದಿದ್ದರೆ ನೋಂದಣಿ ಸಿಗಲ್ಲ, ಕಟ್ಟಿದ ಫೀಸೂ, ಓದಿದ ವರ್ಷಗಳೂ ನೀರಲ್ಲಿ ಹೋಮ. ಸೀಟ್ ಹಿಡಿಯುವ ಮೊದಲು ಇದೊಂದನ್ನು ಖಚಿತ ಮಾಡಿಕೊಳ್ಳಿ.