ಸ್ವಿಚ್ಚು ತೆಗೆಯಲು ಹೋಗಿ ಹುಟ್ಟಿದ ಸದ್ದು

ಹೋದ ತಿಂಗಳು ಗೆಳೆಯನೊಬ್ಬನ ಮನೆಯ ಕಾರ್ಯಕ್ರಮದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಸೋಲೋ ಶುರುವಾಗುವ ಹೊತ್ತಿಗೆ ವಾ-ವಾ ಪೆಡಲ್ಲನ್ನು ಎಷ್ಟು ತುಳಿದರೂ ಅದರ ಸ್ವಿಚ್ಚು ಬೀಳಲಿಲ್ಲ. ಮತ್ತೊಮ್ಮೆ ಜೋರಾಗಿ ತುಳಿದೆ. ಬಿತ್ತು, ಆದರೆ ಅಷ್ಟರಲ್ಲಿ ಅರ್ಧ ಸೋಲೋ ಮುಗಿದಿತ್ತು! ಮನೆಗೆ ಬಂದವನೇ ಪೆಡಲ್ಲಿನ ಹೊಟ್ಟೆ ಬಿಚ್ಚಿದೆ. ಈ ಸ್ವಿಚ್ಚಿನ ಕಾಟವೇ ಬೇಡ, ಕಾಲಿಟ್ಟರೆ ಶುರುವಾಗಬೇಕು, ಕಾಲು ತೆಗೆದರೆ ತಾನೇ ನಿಲ್ಲಬೇಕು, ಹಾಗೆ ಮಾಡಿಬಿಡೋಣ ಅಂತ. ಕೆಲಸದ ಜೊತೆಜೊತೆಗೇ ಈ ವಸ್ತುವಿನ ಚರಿತ್ರೆಯನ್ನೂ ಓದುತ್ತಾ ಹೋದೆ. ಆಗ ಒಂದು ತಮಾಷೆ ಗೊತ್ತಾಯಿತು. ವಾ-ವಾ ಪೆಡಲ್ ಹುಟ್ಟಿದ್ದೇ ಒಂದು ಸ್ವಿಚ್ಚನ್ನು ತೆಗೆಯಲು ಹೋಗಿ!

ಗಿಟಾರ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನೆಲದ ಮೇಲಿಡುವ ಒಂದು ಲೋಹದ ಡಬ್ಬಿ. ಮೇಲಿನ ಹಲಗೆಯನ್ನು ಪಾದದಿಂದ ಹಿಂದೆ ಮುಂದೆ ತೂಗಬಹುದು. ಹಿಮ್ಮಡಿ ಒತ್ತಿದರೆ ಸ್ವರ 'ಊ' ಅಂತ ಗುಮ್ಮೆನ್ನುತ್ತದೆ, ಬೆರಳುಗಳ ಕಡೆ ಒತ್ತಿದರೆ 'ಆ' ಅಂತ ಬಾಯಿ ತೆರೆಯುತ್ತದೆ. ಊ-ದಿಂದ ಆ-ಗೆ ಜಾರಿದರೆ 'ವಾ'. ನಾವು ಶಾಲೆಯಲ್ಲಿ ಯಣ್ ಸಂಧಿ ಕಲಿತವರು, ಸು + ಆಗತ = ಸ್ವಾಗತ. ಅದೇ ಸಂಧಿಯನ್ನು ಈ ಪೆಡಲ್ ಕಾಲಿನಿಂದ ಮಾಡುತ್ತದೆ ಅಂದುಕೊಳ್ಳಿ.

ಈಗ ಕತೆಗೆ ಬರೋಣ. ವಾಕ್ಸ್ ಎಂಬುದು ಇಂಗ್ಲೆಂಡಿನ ಆಂಪ್ಲಿಫೈಯರ್. ಬೀಟಲ್ಸ್ ಬಳಸಿದ್ದರಿಂದ ಅದಕ್ಕೆ ಭಾರೀ ಹೆಸರು ಬಂದಿತ್ತು. ಅಮೆರಿಕದಲ್ಲಿ ಅದನ್ನು ಮಾರುವ ಹಕ್ಕು ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯದು. ಅವರು ವಾಲ್ವುಗಳ ಬದಲು ಟ್ರಾನ್ಸಿಸ್ಟರ್ ಹಾಕಿ, ಕಡಿಮೆ ಖರ್ಚಿನಲ್ಲಿ ತಮ್ಮದೇ ವಾಕ್ಸ್ ಆಂಪ್ಲಿಫೈಯರ್‌ಗಳನ್ನು ಮಾಡಲು ಹೊರಟರು. ಮೂಲ ಆಂಪ್ಲಿಫೈಯರಿನಲ್ಲಿ ನಡುವಿನ ಸ್ವರಗಳನ್ನು ಎತ್ತಿ ಕೊಡುವ ಮೂರು ಹಂತದ ಸ್ವಿಚ್ಚೊಂದಿತ್ತು. ಅದು ದುಬಾರಿ. 1966ರಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಕಿರಿಯ ಎಂಜಿನಿಯರಿಗೆ ಸಿಕ್ಕ ಕೆಲಸ ಇಷ್ಟೇ: ಆ ಸ್ವಿಚ್ಚಿನ ಬದಲು ಅಗ್ಗವಾದ ಏನಾದರೂ ಮಾಡು. ಅವನು ಸ್ವಿಚ್ಚಿನ ಜಾಗದಲ್ಲಿ ಒಂದು ಪೊಟೆನ್ಷಿಯೋಮೀಟರ್, ಅಂದರೆ ರೇಡಿಯೋ ವಾಲ್ಯೂಮಿನಂಥ ತಿರುಗುಗುಂಡಿ ಹಾಕಿದ.

ಸ್ವಿಚ್ಚಿನಲ್ಲಿ ಮೂರೇ ಮೆಟ್ಟಿಲು, ಗುಂಡಿಯಲ್ಲಿ ಮೆಟ್ಟಿಲೇ ಇಲ್ಲ, ಜಾರುಬಂಡಿ. ತಿರುಗಿಸುತ್ತಾ ಹೋದಂತೆ ಸದ್ದು ಮಾತಾಡತೊಡಗಿತು. ಅಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ವಾಕ್ಸ್ ಆರ್ಗನ್ನಿನ ವಾಲ್ಯೂಮ್ ಪೆಡಲ್ ಒಂದನ್ನು ತರಿಸಿ ಈ ಸರ್ಕ್ಯೂಟನ್ನು ಅದರೊಳಗೆ ಕೂರಿಸಿದರು. ಮೊದಲು ನುಡಿಸಿದ್ದು ಬಿಲ್ ಪೇಜ್, ಅದೂ ಗಿಟಾರ್ ಅಲ್ಲ, ಸ್ಯಾಕ್ಸೋಫೋನ್! ಆಮೇಲೆ ಡೆಲ್ ಕ್ಯಾಶರ್ ಗಿಟಾರ್ ಸಿಕ್ಕಿಸಿ, ಇದು ಗಿಟಾರಿಗೇ ಸರಿ ಅಂದ. ಕಂಪನಿಯ ಮುಖ್ಯಸ್ಥ ಜೋ ಬನರಾನ್‌ಗೆ ಮಾತ್ರ ಬಿಗ್ ಬ್ಯಾಂಡ್ ಸಂಗೀತದ ಹುಚ್ಚು. ಅವನ ತಲೆಯಲ್ಲಿದ್ದದ್ದು ಊದುವ ವಾದ್ಯಗಳು. ಹಾಗಾಗಿ 1931ರಲ್ಲಿ 'ಶುಗರ್ ಬ್ಲೂಸ್' ಧ್ವನಿಮುದ್ರಿಸಿ ಹೆಸರು ಮಾಡಿದ್ದ, ಟ್ರಂಪೆಟ್ಟಿನ ಬಾಯಿಗೆ ಮ್ಯೂಟ್ ಹಿಡಿದು ಅದನ್ನು ಅಳಿಸುತ್ತಿದ್ದ ಕ್ಲೈಡ್ ಮೆಕಾಯ್ ಹೆಸರಿನಲ್ಲಿ ಪೆಡಲ್ ಮಾರುಕಟ್ಟೆಗೆ ಬಂತು. ಮೊದಮೊದಲ ಪೆಡಲ್‌ಗಳ ತಳದಲ್ಲಿ ಅವನ ಚಿತ್ರವೂ ಇತ್ತು. 1967ರ ಫೆಬ್ರವರಿಯಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿ 1970ರಲ್ಲಿ ಮಂಜೂರಾಯಿತು, ಪ್ಲಂಕೆಟ್ ಮತ್ತು ಲೆಸ್ಟರ್ ಕುಶ್ನರ್ ಹೆಸರಿಗೆ.

ಆದರೆ ಜನ ಮುಖ್ಯಸ್ಥರ ಮಾತು ಕೇಳಲಿಲ್ಲ, ಗಿಟಾರಿನವನ ಮಾತು ಕೇಳಿದರು. 1967ರಲ್ಲೇ ಕ್ರೀಮ್ ತಂಡದ 'ಟೇಲ್ಸ್ ಆಫ್ ಬ್ರೇವ್ ಯುಲಿಸಿಸ್'ನಲ್ಲಿ ಎರಿಕ್ ಕ್ಲಾಪ್ಟನ್, 'ಬರ್ನಿಂಗ್ ಆಫ್ ದ ಮಿಡ್‌ನೈಟ್ ಲ್ಯಾಂಪ್'ನಲ್ಲಿ ಜಿಮಿ ಹೆಂಡ್ರಿಕ್ಸ್ ಇದನ್ನು ತುಳಿದರು. 1971ರ 'ಶಾಫ್ಟ್' ಚಿತ್ರದ ಹಾಡಿನಲ್ಲಿ ಚಾರ್ಲ್ಸ್ ಪಿಟ್ಸ್ ಸ್ವರವನ್ನೇ ಬಿಟ್ಟು ಬರೀ ತಾಳವಾದ್ಯದ ಹಾಗೆ ಬಳಸಿದ. ಇನ್ನೂ ಮಜಾ ಕೇಳಿ, 1970ರ ದಶಕದಲ್ಲಿ ಮೈಲ್ಸ್ ಡೇವಿಸ್ ಇದನ್ನು ತನ್ನ ಟ್ರಂಪೆಟ್ಟಿಗೇ ಜೋಡಿಸಿಕೊಂಡ. ಬನರಾನ್ ಕನಸು ಕೊನೆಗೂ ನನಸಾಯಿತು, ಅವನೆಣಿಸಿದ ಸಂಗೀತದಲ್ಲಲ್ಲ ಅಷ್ಟೆ.

ಒಳಗೆ ನೋಡಿದರೆ ಸಾಮಾನು ತೀರಾ ಕಡಿಮೆ. ಎರಡು ಟ್ರಾನ್ಸಿಸ್ಟರ್, ಸುಮಾರು 500 ಮಿಲಿಹೆನ್ರಿಯ ಒಂದು ಇಂಡಕ್ಟರ್, 0.01 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್, ಇನ್ನೊಂದಿಷ್ಟು ಚಿಲ್ಲರೆ. ಈ ಇಂಡಕ್ಟರ್ ಮತ್ತು ಕೆಪ್ಯಾಸಿಟರ್ ಸೇರಿದರೆ ಸುಮಾರು 2250 ಹರ್ಟ್ಸ್‌ನಲ್ಲಿ ಸ್ವರ ಎದ್ದು ಕೇಳಬೇಕು. ಬೆರಳಿನ ತುದಿಯ ಕಡೆ ಆಗುವುದು ಹೆಚ್ಚುಕಡಿಮೆ ಅದೇ. ಹಿಮ್ಮಡಿ ಒತ್ತಿದಂತೆ ಎರಡನೇ ಟ್ರಾನ್ಸಿಸ್ಟರ್ ಸದ್ದಿನ ಒಂದು ಪಾಲನ್ನು ಆ ಕೆಪ್ಯಾಸಿಟರಿನ ಮೂಲಕ ವಾಪಸ್ ಕಳಿಸುತ್ತದೆ. ಆಗ ಅದು ತನ್ನ ಅಳತೆಗಿಂತ ಎಷ್ಟೋ ಪಟ್ಟು ದೊಡ್ಡದೆಂಬಂತೆ ವರ್ತಿಸಿ, ಏಳುವ ಸ್ವರ 400-500 ಹರ್ಟ್ಸ್‌ವರೆಗೆ ಇಳಿಯುತ್ತದೆ. ಇಷ್ಟೇ ಮಾಯೆ.

ಇಷ್ಟೆಲ್ಲ ಚೆಂದವಾಗಿ ಮಾಡಿ, ಒಂದು ಸ್ವಿಚ್ಚು ಹೋಯಿತು ಅಂತ ಖುಷಿಪಡುವಷ್ಟರಲ್ಲಿ ಇನ್ನೊಂದು ಬಂದು ಸೇರಿಕೊಂಡಿತು. ಪೆಡಲ್ ಬೇಡವಾದಾಗ ಆಫ್ ಮಾಡಬೇಕಲ್ಲ? ಅದಕ್ಕೆ ಬೆರಳುಗಳ ಕೆಳಗೆ ತುಳಿಯುವ ಸ್ವಿಚ್ಚು. ತೊಂದರೆಗಳೂ ಅಲ್ಲಿಂದಲೇ ಶುರು. ಆನ್ ಮಾಡಲು ಪೂರ್ತಿ ಮುಂದಕ್ಕೆ ಒತ್ತಲೇಬೇಕು, ಅಂದರೆ ಪ್ರತಿಸಲವೂ ಕಿರುಚುವ ತುದಿಯಿಂದಲೇ ಆರಂಭ. 'ಊ'ದಿಂದ ಮೆಲ್ಲಗೆ ಎಬ್ಬಿಸಬೇಕೆಂದರೆ ಆಗದು. ಮೇಲಾಗಿ ಹಳೆಯ ಪೆಡಲ್‌ಗಳಲ್ಲಿದ್ದದ್ದು ಮೂರು ಕಾಲಿನ ಸ್ವಿಚ್ಚು. ಅದು ಹೊರಹೋಗುವ ತಂತಿಯನ್ನಷ್ಟೇ ಬದಲಿಸುತ್ತಿತ್ತು. ಒಳಬರುವ ಕಡೆ ಸರ್ಕ್ಯೂಟು ಯಾವಾಗಲೂ ಅಂಟಿಕೊಂಡೇ ಇದ್ದು, ಆಫ್ ಆಗಿದ್ದಾಗಲೂ ಗಿಟಾರಿನ ಮೇಲುಸ್ವರಗಳನ್ನು ನುಂಗುತ್ತಿತ್ತು. ರಿಪೇರಿ ಹುಚ್ಚಿನವರು ಆರು ಕಾಲಿನ ಸ್ವಿಚ್ಚು ಹಾಕಿ ಅದನ್ನು ಸರಿಪಡಿಸಿಕೊಂಡರು. ಆದರೆ ತುಳಿಯುವುದು ತಪ್ಪಲಿಲ್ಲ.

ತುಳಿಯುವುದನ್ನೇ ತಪ್ಪಿಸುವ ದಾರಿಗೂ ಹಿನ್ನೆಲೆಯಿದೆ. ಲಾಸ್ ಏಂಜಲಿಸ್‌ನ ರೇಮಂಡ್ ಮತ್ತು ಮಾರ್ವಿನ್ ಲುಬೋ ಸಹೋದರರು ಮಾರ್ಲಿ ಎಂಬ ಕಂಪನಿ ಕಟ್ಟಿದರು. ಲೆಸ್ಲಿ ಎಂಬ ಪ್ರಸಿದ್ಧ ತಿರುಗುವ ಸ್ಪೀಕರಿನ ಹೆಸರಿನಲ್ಲಿ 'ಲೆಸ್' ಇದೆ, ನಮ್ಮದು 'ಮೋರ್' ಎಂಬ ಚೇಷ್ಟೆ ಆ ಹೆಸರಿನಲ್ಲಿ! ಅವರ ಪೆಡಲ್‌ಗಳಲ್ಲಿ ಸವೆಯುವ ಗುಂಡಿಯ ಬದಲು ಬೆಳಕು. ಪಾದ ಅಲುಗಿದಂತೆ ಒಳಗಿನ ಬೆಳಕು ಹೆಚ್ಚು ಕಡಿಮೆ ಬಿದ್ದು, ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಸದ್ದನ್ನು ಬದಲಿಸುತ್ತದೆ. ಮುಂದೆ ಇದೇ ಹೆಸರಿನಡಿ ಸ್ಟೀವ್ ವಾಯ್‌ಗಾಗಿ 'ಬ್ಯಾಡ್ ಹಾರ್ಸಿ' ಪೆಡಲ್ ಬಂತು. ಹೆಸರು ಅವನ 1995ರ ರಚನೆಯದೇ. ಕಾಲಿಟ್ಟರೆ ಆನ್, ತೆಗೆದರೆ ಸ್ಪ್ರಿಂಗು ಹಲಗೆಯನ್ನು ಹಿಂದಕ್ಕೆ ತಳ್ಳಿ ಆಫ್. ಡನ್‌ಲಪ್ ಕಂಪನಿಯ 'ಕ್ರೈ ಬೇಬಿ' ಸರಣಿಯಲ್ಲೂ 95ಕ್ಯೂ ಎಂಬ ಇಂಥದೇ ಪೆಡಲ್ ಬಂತು.

ನಾನು ಮಾಡಿದ್ದೂ ಇದನ್ನೇ. ಹಿಮ್ಮಡಿಯ ಕೆಳಗೊಂದು ಸ್ಪ್ರಿಂಗು, ಪಕ್ಕದಲ್ಲಿ ಸಣ್ಣ ಮೈಕ್ರೋಸ್ವಿಚ್ಚು, ಒಂದು ಮಾಸ್‌ಫೆಟ್, ಒಂದು ರಿಲೇ. ಮೊದಲ ಪ್ರಯತ್ನದಲ್ಲೇ ಎಡವಟ್ಟಾಯಿತು. ನುಡಿಸುತ್ತಾ ಹಿಮ್ಮಡಿ ಕೆಳಗಿಟ್ಟಾಗಲೆಲ್ಲ ಪೆಡಲ್ 'ಇವನು ಕಾಲು ತೆಗೆದ' ಅಂದುಕೊಂಡು ಆಫ್ ಆಗುತ್ತಿತ್ತು! ಅದಕ್ಕೇ ತಡವಾಗಿ ಆಫ್ ಆಗುವ ಏರ್ಪಾಡು ಬೇಕು. 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿಗೆ 100 ಕಿಲೋಓಮ್ ರೆಸಿಸ್ಟರ್ ಜೋಡಿಸಿದೆ. ಎರಡನ್ನೂ ಗುಣಿಸಿದರೆ ಒಂದು ಸೆಕೆಂಡಿನ ಲೆಕ್ಕ. ಅಷ್ಟರೊಳಗೆ ಕಾಲು ಮೇಲೆದ್ದರೆ ಸದ್ದು ಕಡಿಯುವುದಿಲ್ಲ. ರಿಲೇ ಬ್ಯಾಟರಿಯನ್ನು ತಿನ್ನುವುದರಿಂದ ಅಡಾಪ್ಟರ್ ಹಾಕಿದೆ.

ಎರಡು ದಿನ ಖುಷಿಯೋ ಖುಷಿ. ಮೂರನೇ ದಿನ ಗೊತ್ತಾಯಿತು, ಏನು ಕಳೆದುಕೊಂಡೆ ಅಂತ. ಹಳೇ ಪೆಡಲ್ಲಿನ ಹಲಗೆಗೆ ಸ್ಪ್ರಿಂಗಿಲ್ಲ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅರ್ಧಕ್ಕೆ ನಿಲ್ಲಿಸಿ, ಕಾಲು ತೆಗೆದು, ಮೂಗಿನಲ್ಲಿ ಮಾತಾಡಿದಂಥ ಆ ಒಂದೇ ಬಣ್ಣದಲ್ಲಿ ಇಡೀ ಸೋಲೋ ನುಡಿಸಬಹುದು. ಫ್ರಾಂಕ್ ಜಾಪ್ಪಾ, ಮೈಕೇಲ್ ಶೆಂಕರ್ ಅವರ ಗಿಟಾರಿನ ಗುರುತೇ ಆ ನಿಂತ ಸದ್ದು. ನನ್ನ ಹೊಸ ಪೆಡಲ್ ಅದನ್ನು ಮಾಡಲಾರದು. ಕಾಲು ತೆಗೆದರೆ ಅದೂ ಹೋಯಿತು.

ಯೋಚಿಸಿದರೆ ಪ್ಲಂಕೆಟ್ ಸ್ವಿಚ್ಚು ತೆಗೆದಾಗ ಮೂರು ಮೆಟ್ಟಿಲು ಹೋಗಿ ನಡುವಿನ ಜಾಗವೆಲ್ಲ ಸಿಕ್ಕಿತು. ನಾನು ಸ್ವಿಚ್ಚು ತೆಗೆದಾಗ ಆ ನಡುವಿನ ಜಾಗದಲ್ಲಿ ನಿಲ್ಲುವ ಸೌಲಭ್ಯವೇ ಹೋಯಿತು. ತೆಗೆಯುವುದೆಲ್ಲ ಒಂದೇ ಅಲ್ಲ ನೋಡಿ.

ಮೊನ್ನೆ ಸ್ಪ್ರಿಂಗು ಬಿಚ್ಚಿ, ಆರು ಕಾಲಿನ ಹೊಸ ಸ್ವಿಚ್ಚು ಹಾಕಿದೆ. ಕಿತ್ತ ರಿಲೇ, ಮೈಕ್ರೋಸ್ವಿಚ್ಚು ಡಬ್ಬಿಯಲ್ಲಿ ಜೋಪಾನವಾಗಿವೆ. ಯಾವತ್ತಾದರೂ ಎರಡನೇ ಪೆಡಲ್ ಕೊಂಡರೆ ಬೇಕಾಗುತ್ತೆ. ನಿಮ್ಮಲ್ಲಿ ಯಾರಾದರೂ ಹೀಗೆ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದವರಿದ್ದರೆ ನಿಮ್ಮ ಕತೆಯನ್ನೂ ಹೇಳಿ.