ಮ್ಯುರಾಮಿಲ್ ಪೆಪ್ಟೈಡ್‌ಗಳು ಮತ್ತು ನಿದ್ರೆ

ಮ್ಯುರಾಮಿಲ್ ಪೆಪ್ಟೈಡ್‌ಗಳು ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಿಂದ ಬಿಡುಗಡೆಯಾಗುವ ಸಣ್ಣ ಅಣುಗಳು. ಇವು ಸಸ್ತನಿಗಳ ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸುವುದಲ್ಲದೆ, ಗಾಢ ನಿದ್ರೆಯ ಹಂತವಾದ ಮಂದತರಂಗ ನಿದ್ರೆಯನ್ನೂ ಹೆಚ್ಚಿಸುತ್ತವೆ. ಈ ಗುಣವು ಅಣುವಿನ ರಾಸಾಯನಿಕ ರಚನೆಯನ್ನು ಅವಲಂಬಿಸಿದೆ.

ಸಂಶೋಧನೆಯ ಇತಿಹಾಸ

1960ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ಪ್ಯಾಪನ್‌ಹೈಮರ್ ಮತ್ತು ಸಂಗಡಿಗರು, ನಿದ್ರೆಯಿಂದ ವಂಚಿತವಾದ ಆಡುಗಳ ಮಿದುಳಿನ ಸುತ್ತಲಿನ ದ್ರವದಲ್ಲಿ ನಿದ್ರೆ ತರುವ ಅಂಶವೊಂದಿದೆ ಎಂದು ಕಂಡುಕೊಂಡರು. ಇದಕ್ಕೆ 'ಎಸ್ ಅಂಶ' ಎಂದು ಹೆಸರಿಸಲಾಯಿತು. ಮುಂದೆ ಜೇಮ್ಸ್ ಕ್ರೂಗರ್, ಮ್ಯಾನ್‌ಫ್ರೆಡ್ ಕಾರ್ನೊವ್‌ಸ್ಕಿ ಮುಂತಾದವರ ಜೊತೆಗೂಡಿ, ಇಂಥ ಅಂಶವನ್ನು ಮಾನವ ಮೂತ್ರದಿಂದ ಬೇರ್ಪಡಿಸಲಾಯಿತು. 1982ರಲ್ಲಿ ಅದು ಮ್ಯುರಾಮಿಲ್ ಪೆಪ್ಟೈಡ್ ಎಂದು ವರದಿಯಾಯಿತು. ಸಸ್ತನಿಗಳ ಜೀವಕೋಶಗಳು ಮ್ಯುರಾಮಿಕ್ ಆಮ್ಲವನ್ನು ತಯಾರಿಸುವುದಿಲ್ಲ. ಆದ್ದರಿಂದ ಇದರ ಮೂಲ ಬ್ಯಾಕ್ಟೀರಿಯಾ ಎಂದು ಭಾವಿಸಲಾಗಿದೆ.

ರಚನೆ ಮತ್ತು ಪರಿಣಾಮ

ಈ ಗುಂಪಿನ ಸರಳ ಅಣುಗಳಲ್ಲಿ ಮ್ಯುರಾಮಿಲ್ ಡೈಪೆಪ್ಟೈಡ್ ಪ್ರಮುಖವಾದುದು. ಇದರಲ್ಲಿ ಎನ್-ಅಸಿಟೈಲ್ ಮ್ಯುರಾಮಿಕ್ ಆಮ್ಲಕ್ಕೆ ಎಲ್-ಅಲನಿನ್ ಮತ್ತು ಡಿ-ಐಸೋಗ್ಲುಟಮಿನ್ ಎಂಬ ಎರಡು ಘಟಕಗಳು ಕ್ರಮವಾಗಿ ಜೋಡಣೆಗೊಂಡಿವೆ. 'ಎಲ್' ಮತ್ತು 'ಡಿ' ರೂಪಗಳು ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬಗಳು. ಪರಮಾಣುಗಳ ಸಂಖ್ಯೆ ಬದಲಾಗದಿದ್ದರೂ, ಎಲ್-ಅಲನಿನ್ ಬದಲಿಗೆ ಡಿ-ಅಲನಿನ್ ಸೇರಿಸಿದಾಗ ನಿದ್ರೆ ತರುವ ಗುಣ ಇಲ್ಲವಾಗುತ್ತದೆ. ಮೂತ್ರದಿಂದ ದೊರೆತ ಅಂಶದಲ್ಲಿ ಗ್ಲುಟಾಮಿಕ್ ಆಮ್ಲ, ಅಲನಿನ್ ಹಾಗೂ ಬ್ಯಾಕ್ಟೀರಿಯಾಗಳಿಗೆ ವಿಶಿಷ್ಟವಾದ ಡೈಅಮೈನೋಪಿಮೆಲಿಕ್ ಆಮ್ಲಗಳಿವೆ. ಅದರ ಮ್ಯುರಾಮಿಕ್ ಆಮ್ಲವು 1,6-ಅನ್‌ಹೈಡ್ರೋ ಎಂಬ ಉಂಗುರ ರೂಪದಲ್ಲಿದೆ. ಮೊಲಗಳ ಮಿದುಳಿನ ಕುಹರಕ್ಕೆ ಪಿಕೋಮೋಲ್ ಪ್ರಮಾಣದಲ್ಲಿ ನೀಡಿದಾಗಲೂ ಇದು ಹಲವು ಗಂಟೆಗಳ ಕಾಲ ನಿದ್ರೆಯನ್ನು ಹೆಚ್ಚಿಸುತ್ತದೆ.

ಕಾರ್ಯವಿಧಾನ

ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ಜೀರ್ಣಿಸುವಾಗ ಈ ಪೆಪ್ಟೈಡ್‌ಗಳು ಹೊರಬರುತ್ತವೆ. ಮ್ಯುರಾಮಿಲ್ ಡೈಪೆಪ್ಟೈಡನ್ನು ಎನ್‌ಒಡಿ2 ಎಂಬ ಗ್ರಾಹಕವೂ, ಡೈಅಮೈನೋಪಿಮೆಲಿಕ್ ಆಮ್ಲವುಳ್ಳ ತುಣುಕುಗಳನ್ನು ಎನ್‌ಒಡಿ1 ಗ್ರಾಹಕವೂ ಗುರುತಿಸುತ್ತವೆ. ಇದರಿಂದ ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಮುಂತಾದ ಸೈಟೊಕೈನ್‌ಗಳ ಉತ್ಪಾದನೆ ಹೆಚ್ಚುತ್ತದೆ. ಈ ಎರಡೂ ಸೈಟೊಕೈನ್‌ಗಳು ಮಿದುಳಿನಲ್ಲಿ ನಿದ್ರೆಯನ್ನು ಉತ್ತೇಜಿಸುತ್ತವೆ.

ಜ್ವರ ಮತ್ತು ನಿದ್ರೆ

ಮ್ಯುರಾಮಿಲ್ ಡೈಪೆಪ್ಟೈಡ್ ಜ್ವರವನ್ನೂ ಉಂಟುಮಾಡುತ್ತದೆ. ಆದರೆ ಮೊಲಗಳಲ್ಲಿ ಜ್ವರನಿವಾರಕ ಔಷಧದಿಂದ ಮೈಬಿಸಿ ತಗ್ಗಿಸಿದ ಮೇಲೂ ಹೆಚ್ಚಿದ ನಿದ್ರೆ ಮುಂದುವರಿಯಿತು. ಆದ್ದರಿಂದ ಸೋಂಕಿನ ಸಮಯದ ನಿದ್ರೆಯು ಕೇವಲ ಜ್ವರದ ಆಯಾಸವಲ್ಲ, ರೋಗನಿರೋಧಕ ಪ್ರತಿಕ್ರಿಯೆಯದೇ ಒಂದು ಭಾಗವೆಂದು ಪರಿಗಣಿಸಲಾಗುತ್ತದೆ.